ಗುಡುಗಿದರೆ ಮೊಬೈಲ್ ಬಂದ್

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಹುಮನಾಬಾದಿನ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಮೊಬೈಲ್ ತರಕೂಡದೆಂಬ ಕಟ್ಟುನಿಟ್ಟಿನ ನಿಯಮವಿರುವ ಆ ತರಗತಿಯಲ್ಲಿ ಹದಿನೇಳು ಚೀಲಗಳು ಒಮ್ಮೆಲೇ ಅರಚಿಕೊಂಡವು. ಹದಿನೆಂಟನೆಯದು ನನ್ನ ಚೀಲ. ಸರ್ಕಾರದ ತುರ್ತು ಎಚ್ಚರಿಕೆಯ ಸದ್ದು ಅದು. ಕಿವಿಯೊಳಗೆ ಮೊಳೆ ಹೊಡೆದ ಹಾಗಿರುತ್ತದೆ.

"ಮೇಡಂ, ಈಗ ಯಾರ್ ಯಾರ್ ಮೊಬೈಲ್ ಕಸ್ಕೊಂತೀರಿ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಗುವವಳಿದ್ದೆ. ಅಷ್ಟರಲ್ಲಿ ಸದ್ದು ನಿಂತು ಒಂದು ಹೆಣ್ಣುದನಿ ಓದತೊಡಗಿತು. ಮುಂದಿನ ಮೂರು ಗಂಟೆಗಳಲ್ಲಿ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಭಾರಿ ಮಳೆ. ಮೇಲಿನ ಕೆರೆಯ ಗೇಟು ತೆರೆಯಲಾಗಿದೆ. ನಾಲಾ ದಂಡೆಯಲ್ಲಿರುವವರು ಕೂಡಲೇ ಎತ್ತರದ ಜಾಗಕ್ಕೆ ಹೋಗಬೇಕು.

ನಾಲಾ ದಂಡೆಯಲ್ಲಿ ನನ್ನ ಕಾಕಾ ಇದ್ದ.

ನಮ್ಮೂರು ರಾಜೇಶ್ವರದಿಂದ ಐದು ಕಿಲೋಮೀಟರ್ ಒಳಗೆ. ನಾನು ಮೂರನೇ ತರಗತಿಯಲ್ಲಿದ್ದಾಗ ಅಪ್ಪ ಹೋದ. ಅಂದಿನಿಂದ ಮನೆಯಲ್ಲಿ ಅವ್ವ, ನಾನು ಮತ್ತು ಅಪ್ಪನ ತಮ್ಮ ಈ ಕಾಕಾ. ಕಾಕಾ ಮದುವೆಯಾಗಲಿಲ್ಲ. ಕೇಳಿದವರಿಗೆ "ಎಪ್ಪತ್ತು ಮಂದೀನ ಸಂಭಾಳಿಸಾಕತ್ತೀನಿ, ಇನ್ನೊಬ್ಬಾಕಿ ಎಲ್ಲಿ ತರ್ಲಿ?" ಎನ್ನುತ್ತಿದ್ದ. ಎಪ್ಪತ್ತು ಮಂದಿ ಎಂದರೆ ಅವನ ಕುರಿಗಳು. ನಾನು ಕಲಬುರಗಿಗೆ ಹೋಗಿ ಎಂ.ಎಸ್ಸಿ. ಮಾಡಿದ್ದು ಆ ಕುರಿಗಳ ಬೆನ್ನ ಮೇಲೆಯೇ. ಹೆಸರು, ಉದ್ದಿನ ರಾಶಿ ಮುಗಿದ ಮೇಲೆ ಕಾಕಾ ಹಿಂಡನ್ನು ನಾಲಾದಾಚೆಗೆ ಹೊಡೆಯುತ್ತಾನೆ. ಅಲ್ಲಿ ನಾಲಾ ಕುಡುಗೋಲಿನ ಹಾಗೆ ಬಾಗುತ್ತದೆ. ಆ ಬಾಗಿನಲ್ಲಿ ತಗ್ಗಾದ, ಒಳ್ಳೆಯ ಹುಲ್ಲಿನ ಜಾಗ. ಅದರ ಹಿಂದೆ ಕೆಂಪು ಕಲ್ಲಿನ ಮಡ್ಡಿ, ಏರು ನೆಲ. ಬೆಳಿಗ್ಗೆ ಕಲ್ಲುಗಳ ಮೇಲೆ ಕಾಲಿಟ್ಟು ದಾಟಿ ಹೋಗುವುದು, ಸಂಜೆ ಹಾಗೆಯೇ ಮರಳಿ ಬರುವುದು.

ತರಗತಿಯಿಂದ ಹೊರಗೆ ಬಂದು ಅವನಿಗೆ ಫೋನ್ ಹಚ್ಚಿದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.

ಅವ್ವನಿಗೆ ಹಚ್ಚಿದೆ. ಸ್ವಿಚ್ ಆಫ್. ಪಕ್ಕದ ಮನೆ, ಕಿರಾಣಿ ಅಂಗಡಿ, ಪಂಚಾಯಿತಿ ಸದಸ್ಯ, ನಾಲಾ ಬದಿಗೇ ಹೊಲವಿರುವ ಸೋದರಮಾವ. ಎಲ್ಲ ಸ್ವಿಚ್ ಆಫ್. ಕರೆಂಟು ಹೋಗಿ ಟವರ್ ಸತ್ತಿದ್ದರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದು ಹೇಳುತ್ತಿತ್ತು. ಇದು ಹಾಗಲ್ಲ. ಒಂದು ಊರಿಗೆ ಊರೇ ಕೈಯಾರೆ ಮೊಬೈಲ್ ಆರಿಸಿ ಇಟ್ಟಿತ್ತು. ಇವರಿಗೆಲ್ಲ ಆ ಎಚ್ಚರಿಕೆ ತಲುಪಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಇಪ್ಪತ್ತೆರಡನೆಯ ಕರೆ ಮಾಡುವಾಗ.

ಸಿಟ್ಟು ಹೇಗಿತ್ತೆಂದರೆ ಭಯಕ್ಕೆ ಜಾಗವೇ ಇರಲಿಲ್ಲ. ಬೇಸಿಗೆಯ ರಜೆಯಿಡೀ ನಾನು ಮನೆಮನೆಗೆ ಹೋಗಿ ಸಿಡಿಲಿನ ಮುನ್ಸೂಚನೆ ಕೊಡುವ ಆ್ಯಪ್ ಹಾಕಿಕೊಟ್ಟಿದ್ದೆ. ಮೊಬೈಲಿನಲ್ಲಿ ಜಾಗವಿಲ್ಲವೆಂದವರ ಮದುವೆ ವಿಡಿಯೋಗಳನ್ನು ಅವರೆದುರೇ ಕೂತು ಅಳಿಸಿಸಿದ್ದೆ. ಹಳ್ಳಿಖೇಡದ ಕಡೆ ಸಿಡಿಲು ಬಡಿದು ಇಬ್ಬರು ಸತ್ತ ವರ್ಷ ಅದು, ಎಲ್ಲರೂ ಕೇಳಿಸಿಕೊಂಡರು. ಕಾಕಾನ ಮೊಬೈಲಿನಲ್ಲಿ ಅವನಿರುವ ಜಾಗ ನನಗೆ ಕಾಣುವಂತೆಯೂ ಮಾಡಿದ್ದೆ. ಈಗ ನಕ್ಷೆ ತೆರೆದರೆ ನೀಲಿ ಚುಕ್ಕೆ ನಾಲಾದ ಬಾಗಿನೊಳಗೆ ಇತ್ತು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: ಕೊನೆಯ ಬಾರಿ ಕಂಡದ್ದು ಐವತ್ತು ನಿಮಿಷಗಳ ಹಿಂದೆ.

ಸಹಾಯವಾಣಿಗೆ ಕರೆ ಮಾಡಿದೆ. ಭಾಷೆ ಆರಿಸಿದೆ, ಒಂದು ಒತ್ತಿದೆ, ಮೂರು ಒತ್ತಿದೆ. ಕೊನೆಗೆ ಒಬ್ಬ ಮನುಷ್ಯ ಸಿಕ್ಕ.

"ಎಷ್ಟು ಜನ ಸಿಲುಕಿದ್ದಾರೆ ಮೇಡಂ?"

"ಒಬ್ರು. ಎಪ್ಪತ್ತು ಕುರಿ."

"ಕುರಿಗೆ ಪಶು ವಿಭಾಗದ ನಂಬರ್ ಬೇರೆ ಇದೆ, ಕೊಡಲೇ?"

"ಕುರಿ ಬಿಡ್ರಿ. ಮನುಷ್ಯಾ ಇದ್ದಾನ್ರಿ ಅಲ್ಲಿ."

"ಅವರು ಈಗ ನೀರಿನಲ್ಲಿದ್ದಾರಾ?"

"ಇಲ್ಲ. ನೀರು ಇನ್ನ ಬರಬೇಕು."

"ಬಂದ ಮೇಲೆ ಮಾಡಿ ಮೇಡಂ" ಎಂದು ಅವನು ಹೇಳಲಿಲ್ಲ. ಹೇಳಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ನಕ್ಷೆಯ ಕೊಂಡಿ ಕಳಿಸಿ ಎಂದ, ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಸಂದೇಶ ಬಂತು: ನೀವು ಸೂಚಿಸಿದ ಸ್ಥಳ ಪಕ್ಕದ ತಾಲ್ಲೂಕಿನ ವ್ಯಾಪ್ತಿಯಲ್ಲಿ ಕಾಣುತ್ತಿದೆ, ದಯವಿಟ್ಟು ಖಚಿತಪಡಿಸಿ. ನಾಲಾದ ಆ ದಂಡೆ ಯಾರದು ಎಂದು ನಕ್ಷೆಗೆ ಸಂಶಯ. ಎಪ್ಪತ್ತು ಕುರಿಗಳಿಗೆ ಆ ಸಂಶಯ ಯಾವತ್ತೂ ಬಂದಿರಲಿಲ್ಲ.

ಬಸ್ಸು ಹತ್ತಿದ ಮೇಲೆ ಇಪ್ಪತ್ತಾರನೆಯ ಕರೆಗೆ ಒಂದು ಫೋನು ರಿಂಗಾಯಿತು. ಕೇಳಿ ನಾನು ಸೀಟಿನಿಂದ ಎದ್ದು ನಿಂತೆ. ಅದು ಪಂಚಾಯಿತಿಯ ಕಸದ ಆಟೋ ಓಡಿಸುವ ಅಕ್ಕನದು. ಅವ್ವನ ಸ್ವಸಹಾಯ ಸಂಘದವಳು. ಅವಳ ಮೊಬೈಲ್ ಆಟೋದ ಸ್ಟೇರಿಂಗ್ ಪಕ್ಕದಲ್ಲೇ ತಂತಿಗೆ ಸಿಕ್ಕಿಕೊಂಡಿರುತ್ತದೆ, ಆರುವ ಪ್ರಶ್ನೆಯೇ ಇಲ್ಲ. ಎಲ್ಲಿ ಕಸ ಎತ್ತಿದಳೋ ಅಲ್ಲಿಂದ ಫೋಟೋ ಕಳಿಸದಿದ್ದರೆ ಅವಳ ಹಾಜರಿ ಬೀಳುವುದಿಲ್ಲ.

"ಅಕ್ಕಾ, ಊರಾಗ ಏನಾಗ್ಯಾದ? ಎಲ್ಲಾರ ಫೋನ್ ಯಾಕ ಬಂದ್ ಅದಾವ?"

"ಗುಡುಗಾಕತ್ತದಲ್ಲವ್ವಾ!" ಎಂದಳು, ನಾನು ದಡ್ಡ ಪ್ರಶ್ನೆ ಕೇಳಿದ ಹಾಗೆ.

ಗೇಟು ತೆರೆದ ವಿಷಯ ಹೇಳಿದೆ. ಎಚ್ಚರಿಕೆ ಅವಳ ಮೊಬೈಲಿನಲ್ಲೂ ಕೂಗಿತ್ತಂತೆ, ಆಟೋದ ಮೈಕಿನ ಗದ್ದಲದಲ್ಲಿ ಅದು ಏನು ಹೇಳಿತೋ ಅವಳಿಗೆ ಕೇಳಿಸಿರಲಿಲ್ಲ. ಅವ್ವನಿಗೆ ತಿಳಿಸು, ಹೇಗಾದರೂ ಮಾಡಿ ಕಾಕಾನನ್ನು ಮಡ್ಡಿಗೆ ಹತ್ತಿಸಿ ಎಂದೆ. ಹೆದ್ದಾರಿಯಲ್ಲಿ ಆಗಲೇ ಮಳೆ ಹೊಡೆಯುತ್ತಿತ್ತು. ಟ್ರ್ಯಾಕ್ಟರೊಂದು ಅಡ್ಡ ನಿಂತು ಬಸ್ಸು ಆಮೆಯಾಗಿತ್ತು. ರಾಜೇಶ್ವರದ ಕ್ರಾಸಿನಲ್ಲಿ ಇಳಿದಾಗ ಮೂರೂ ಐವತ್ತೆಂಟು. ಅಲ್ಲಿ ಮಳೆಯಲ್ಲಿ ತೋಯ್ದು ನಿಂತಿದ್ದದ್ದು ಕಸದ ಆಟೋ.

"ನಿಮ್ಮವ್ವ ದಂಡಿಗೆ ಹೋಗ್ಯಾಳ. ನಿನ್ನ ಕರ್ಕೊಂಡು ಬಾ ಅಂದ್ಲು. ಕೂಡು ಜಲ್ದಿ."

ಕೂತೆ. ದಾರಿಯಲ್ಲಿ ಆಟೋದ ಮೈಕು ತನ್ನಷ್ಟಕ್ಕೆ ತಾನೇ ಹಸಿ ಕಸ ಒಣ ಕಸದ ಹಾಡು ಹೇಳುತ್ತಿತ್ತು. ನಿಲ್ಲಿಸು ಎಂದರೆ, ಬಟನ್ ಕೆಟ್ಟು ತಿಂಗಳಾಯಿತು ಎಂದಳು. ಐದು ಕಿಲೋಮೀಟರ್ ದಾರಿಯುದ್ದಕ್ಕೂ ಕಸ ಬೇರ್ಪಡಿಸಿ ಕೊಡಿರೆಂದು ಕೂಗುತ್ತ ನಾವು ಓಡಿದೆವು. ನನ್ನ ಸಿಟ್ಟಿಗೆ ದಿಕ್ಕಿರಲಿಲ್ಲ, ಅವಳ ಮೇಲೆಯೇ ಇಳಿಯಿತು.

"ಗುಡುಗಿದ್ರ ಮೊಬೈಲ್ ಬಂದ್ ಮಾಡಬೇಕಂತ ಯಾವ ಶ್ಯಾಣ್ಯಾ ಹೇಳ್ಯಾನಕ್ಕಾ ಈ ಮಂದಿಗೆ?"

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನೀನೇ ಹೇಳಿದ್ದಿಯಲ್ಲವ್ವಾ. ಎಲ್ಲಾರ ಮೊಬೈಲಿನಾಗೂ ಬಂದಿತ್ತು, ನಿನ್ನ ಮಾತು."

ನಾನು ಕಳಿಸಿದ್ದೆ, ನಿಜ. ಬೇಸಿಗೆಯಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ. ಗುಡುಗುವಾಗ ಮರದ ಕೆಳಗೆ ನಿಲ್ಲಬೇಡಿ, ಗೋಡೆಗೆ ಒರಗಬೇಡಿ, ಚಾರ್ಜಿಗೆ ಹಚ್ಚಿದ ಮೊಬೈಲ್ ಹಿಡಿದು ಮಾತಾಡಬೇಡಿ, ತಂತಿ ತೆಗೆದ ಮೊಬೈಲಿಗೆ ಏನೂ ಆಗುವುದಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡು. ನಮ್ಮೂರಲ್ಲಿ ಅಷ್ಟುದ್ದದ ಸಂದೇಶವನ್ನು ಒಬ್ಬ ಕೇಳಿ ಹತ್ತು ಮಂದಿಗೆ ಹೇಳುತ್ತಾನೆ. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಜನರಿಗೆ ಮೊದಲೇ ಗೊತ್ತಿದ್ದ ಸುಳ್ಳು. ನನ್ನ ಮಾತಿನಲ್ಲಿ ಅದಕ್ಕೆ ಒಪ್ಪುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಟೀಚರ್ ಹೇಳ್ಯಾಳ, ಗುಡುಗಿದ್ರ ಮೊಬೈಲ್ ಬಂದ್ ಮಾಡ್ರಿ. ಹೀಗೆ ಬೇಸಿಗೆಯಲ್ಲಿ ನಾನು ಎರಡು ಕೆಲಸ ಮಾಡಿದ್ದೆ. ಊರಿಗೆಲ್ಲ ಎಚ್ಚರಿಕೆಯ ಗಂಟೆ ಕಟ್ಟಿದ್ದೆ, ಅದು ಮೊಳಗಬೇಕಾದ ಹೊತ್ತಿಗೆ ಸರಿಯಾಗಿ ಅದರ ನಾಲಿಗೆಯನ್ನೂ ಕಿತ್ತಿದ್ದೆ.

ನಾಲಾ ತಲುಪಿದಾಗ ನಾಲ್ಕೂ ಇಪ್ಪತ್ತು. ಮಳೆ ನಿಂತಿತ್ತು. ಮೋಡ ಮಾತ್ರ ಗುಡುಗುತ್ತಲೇ ಇತ್ತು. ದಾಟುವ ಕಲ್ಲುಗಳು ಮುಳುಗಿದ್ದವು, ಕೆಂಪು ನೀರು ಎದೆಮಟ್ಟ ಹರಿಯುತ್ತಿತ್ತು. ಆಚೆ ಹುಲ್ಲಿನ ತಗ್ಗಿನಲ್ಲಿ ಕುರಿಗಳು ಗುಂಪಾಗಿದ್ದವು. ನೀರಂಚಿನಲ್ಲಿ ಕಂಬಳಿ ಹೊದ್ದು ಕೋಲೂರಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದವನು ಕಾಕಾ. ಆರಾಮವಾಗಿ ಕೂತಿದ್ದ. ಅವನಿಗೆ ಗೊತ್ತಿತ್ತು: ಮಳೆ ನಿಂತ ಒಂದು ತಾಸಿಗೆ ಈ ನಾಲಾ ಇಳಿಯುತ್ತದೆ. ಹುಟ್ಟಿದಾಗಿನಿಂದ ಇಳಿದಿದೆ. ಇಳಿಯುವುದನ್ನೇ ಕಾಯುತ್ತಿದ್ದ. ಮೇಲಿನ ಗೇಟು ತೆರೆದು ಎರಡು ತಾಸಾದದ್ದು, ಆ ನೀರು ಇನ್ನೂ ದಾರಿಯಲ್ಲಿರುವುದು ಅವನಿಗೊಬ್ಬನಿಗೆ ತಿಳಿದಿರಲಿಲ್ಲ.

ಈಚೆ ದಂಡೆಯಲ್ಲಿ ಹತ್ತಿಪ್ಪತ್ತು ಜನ ಕೂಗುತ್ತಿದ್ದರು. ನೀರಿನ ಸದ್ದಿನಲ್ಲಿ ಅವನಿಗೆ ಏನೂ ಕೇಳುತ್ತಿರಲಿಲ್ಲ, ಕೈ ಮಾಡಿದರೆ ಅವನೂ ಕೈ ಮಾಡುತ್ತಿದ್ದ. ನಾನು ಮೊಬೈಲ್ ಹೊರತೆಗೆದು ಮತ್ತೆ ಅವನಿಗೆ ಹಚ್ಚುತ್ತಿದ್ದಂತೆ ಜನ ನನ್ನಿಂದ ಸರಿದು ದೂರ ನಿಂತರು. ತಿರುಗಿ ನೋಡಿದರೆ ನನ್ನ ಸುತ್ತ ಹತ್ತು ಹೆಜ್ಜೆ ಖಾಲಿ.

"ಬಂದ್ ಮಾಡು ಅದನ್ನ! ನಮ್ಮ ಮ್ಯಾಲೂ ಕೆಡವತಿ" ಎಂದ ನನ್ನ ಸೋದರಮಾವ. ನನಗೆ ಅಲ್ಲಿಯೇ ಕೂತು ಅಳಬೇಕೆನಿಸಿತು.

ಅಕ್ಕ ಆಟೋವನ್ನು ಹಿಂದಕ್ಕೆ ತಿರುಗಿಸಿ ಮೈಕಿನ ಬಾಯಿಯನ್ನು ನಾಲಾದ ಕಡೆ ಮಾಡಿದಳು. ಪೆನ್‌ಡ್ರೈವ್ ಕಿತ್ತೆಸೆದ ಮೇಲೆ ಕಸದ ಹಾಡು ನಿಂತಿತು. ಅವ್ವ ಆಟೋದ ಕೈಮೈಕು ಹಿಡಿದಳು.

"ಏ ತಮ್ಮಾ! ಮೊಬೈಲ್ ಚಾಲೂ ಮಾಡೋ!"

ಕಾಕಾಗೆ ಕೇಳಿತು. ಎದ್ದು ನಿಂತ. ಕೋಲೆತ್ತಿ ಆಕಾಶ ತೋರಿಸಿದ, ಆಮೇಲೆ ಬೇಡವೆಂದು ಕೈಯಾಡಿಸಿದ. ಗುಡುಗುತ್ತಿದೆಯಲ್ಲ, ಹೇಗೆ ಚಾಲೂ ಮಾಡಲಿ?

"ಮೊಬೈಲ್ ಹಾಳಾಗಿ ಹೋಗ್ಲಿ! ನೀರ್ ಬಿಟ್ಟಾರ ಮ್ಯಾಲಿಂದ! ಮಡ್ಡಿ ಹತ್ತು!"

ಇದಿಷ್ಟೂ ಅವನಿಗೆ ಮುಟ್ಟಿತೋ ಇಲ್ಲವೋ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ಒಂದು ಅನಾಹುತ ಶುರುವಾಯಿತು. ಕುರಿಗಳು ತಲೆಯೆತ್ತಿದವು. ಮರಿಯಾಗಿದ್ದಾಗಿನಿಂದ ಅವುಗಳಿಗೆ ಸಂಜೆ ತೌಡು ಹಾಕುವವಳು ಅವ್ವ. ಅವ್ವನ ದನಿಯೆಂದರೆ ಮನೆ. ಅಂಥ ದನಿ ಆಕಾಶದಷ್ಟು ದೊಡ್ಡದಾಗಿ ಈಚೆ ದಂಡೆಯಿಂದ ಕರೆಯುತ್ತಿತ್ತು. ಮುಂದಾಳು ಕುರಿ ನೀರಿನ ಕಡೆ ಹೆಜ್ಜೆ ಹಾಕಿತು, ಉಳಿದವು ಹಿಂದೆ ಬಂದವು. ಎರಡು ಕುರಿ ಆಗಲೇ ನೀರಿಗೆ ಕಾಲಿಟ್ಟಿದ್ದವು, ಕಾಕಾ ಅವನ್ನು ಹಿಡಿಯಲು ಮೊಣಕಾಲಿನವರೆಗೆ ಇಳಿದ.

"ಅವ್ವಾ, ಮಾತಾಡಬ್ಯಾಡ! ನಿನ್ನ ದನಿಗಿ ಬರಾಕತ್ತಾವ!"

ಅವ್ವ ಮೈಕನ್ನು ಎದೆಗೊತ್ತಿಕೊಂಡಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ನನ್ನ ನೆನಪಿನಲ್ಲಿ ಅದು ಒಮ್ಮೊಮ್ಮೆ ಅರ್ಧ ತಾಸು, ಒಮ್ಮೊಮ್ಮೆ ಒಂದು ಉಸಿರು. ಆಮೇಲೆ ತಲೆಯ ಸೆರಗು ಜಾರಿದ್ದೂ ತಿಳಿಯದೆ, ನಾನು ಅವಳ ಬಾಯಲ್ಲಿ ಯಾವತ್ತೂ ಕೇಳಿರದ ಒಂದು ಕೂಗು ಕೂಗಿದಳು.

"ತ್ವಾಳಾ... ತ್ವಾಳಾ ಹೋ... ಹೋ... ಹೋ!"

ತೋಳ ಕಂಡಾಗ ಕುರಿಗಾರರು ಕೂಗುವ ಕೂಗು ಅದು. ಅವ್ವ ತವರಲ್ಲಿ ಕುರಿ ಕಾಯ್ದವಳು. ತೋಳ ಕಾಣದೆ ಆ ಕೂಗು ಕೂಗಬಾರದು. ಆಟಕ್ಕೆ ಕೂಗಿದ್ದಕ್ಕೆ ಅವಳ ಅಣ್ಣನನ್ನು ಒಂದು ದಿನ ಹೊರಗೆ ಉಪವಾಸ ಕೂರಿಸಿದ್ದರಂತೆ. ಮೈಕಿನಲ್ಲಿ ಅದು ಮಡ್ಡಿಗೆ ಬಡಿದು ಮರಳಿ ಬಂತು. ಮೊದಲು ಎಚ್ಚೆತ್ತವು ಕಾಕಾನ ಎರಡು ನಾಯಿಗಳು. ಬೊಗಳುತ್ತ ನಾಲಾದ ಕಡೆಯಿಂದ ಹಿಂಡಿನ ಮೇಲೆ ಬಿದ್ದು ಅದನ್ನು ಅಟ್ಟತೊಡಗಿದವು. ಹಿಂಡು ಒಂದೇ ಮುದ್ದೆಯಾಗಿ ಮಡ್ಡಿಯ ಕಡೆ ಓಡಿತು. ಕಾಕಾ? ಸರ್ಕಾರದ ಎಚ್ಚರಿಕೆಗೆ, ಎಂ.ಎಸ್ಸಿ. ಓದಿದ ಮಗಳಿಗೆ, ಅತ್ತಿಗೆಯ ಬೈಗುಳಕ್ಕೆ ಅಲುಗಾಡದವನು ಕೋಲೆತ್ತಿಕೊಂಡು "ಹೋ ಹೋ" ಎನ್ನುತ್ತ ಕುರಿಗಳಿಗಿಂತ ಜೋರಾಗಿ ಓಡಿದ. ಎಲ್ಲಿ ತೋಳ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಡ್ಡಿಯ ಮೇಲೆ ಕುರಿಗಳ ಬೆನ್ನುಗಳು ಮಾತ್ರ ಕಾಣುವಷ್ಟು ದೂರ ಹೋದ ಮೇಲೂ ಅವ್ವ ಕೂಗುತ್ತಲೇ ಇದ್ದಳು. ಅಕ್ಕ ಮೈಕು ಕಸಿದುಕೊಳ್ಳಬೇಕಾಯಿತು.

ಐದು ಗಂಟೆಯಾಗಿ ಸ್ವಲ್ಪ ಹೊತ್ತಿಗೆ ನೀರು ಬಂತು. ಗೋಡೆಯ ಹಾಗೆ ಬರುತ್ತದೆಂದು ನಾನು ತಿಳಿದಿದ್ದೆ, ಹಾಗೆ ಬರಲಿಲ್ಲ. ಸದ್ದು ದಪ್ಪವಾಯಿತು, ನಾಲಾ ಅಗಲವಾಗುತ್ತ ಹೋಯಿತು, ನಾವು ಹಿಂದೆ ಹಿಂದೆ ಸರಿದೆವು. ಕಾಕಾ ಕೂತಿದ್ದ ಜಾಗ ಯಾವುದೆಂದು ನಾನು ಗುರುತು ಇಟ್ಟುಕೊಂಡಿದ್ದೆ, ಅಲ್ಲೊಂದು ಜಾಲಿಗಿಡವಿತ್ತು. ಅದು ಬಾಗಿತು, ತುದಿ ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ. ಹಿಂಡಿನ ಹಿಂದೆ ಓಡದೆ ನೀರಂಚಿನಲ್ಲೇ ಉಳಿದಿದ್ದ ಆ ಎರಡು ಕುರಿಗಳೂ ಹೋದವು. ಐದೂ ಮುಕ್ಕಾಲಿಗೆ ನನ್ನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪಕ್ಕದ ತಾಲ್ಲೂಕಿಗೆ ವರ್ಗಾಯಿಸಲಾಗಿದೆ.

ಮರುದಿನ ಮಧ್ಯಾಹ್ನ ಕಾಕಾ ಮೇಲಿನ ಸೇತುವೆ ಸುತ್ತಿಕೊಂಡು ಹಿಂಡಿನೊಂದಿಗೆ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಕೇಳಿದ:

"ತ್ವಾಳ ಎಲ್ಲಿತ್ತು ವೈನಿ?"

ಅವ್ವ ಜೋಳದ ರೊಟ್ಟಿ ತಟ್ಟುತ್ತಿದ್ದಳು. "ಇರಲಿಲ್ಲ."

"ಇರಲಿಲ್ಲಂದ್ರ? ಸುಳ್ಳ ಕೂಗಿದ್ಯಾ?"

"ಹೂಂ. ಹೊರಗ ಉಪಾಸ ಕೂಡಸ್ತಿಯೇನು? ಕೂಡಸು."

ಅವನು ಕೋಲನ್ನು ಗೋಡೆಗೆ ಒರಗಿಸಿದ. ಜಾಲಿಗಿಡದ ಜಾಗವನ್ನು ಅವನೂ ಮೇಲಿನಿಂದ ನೋಡಿದ್ದನಂತೆ. ಆಮೇಲೆ ನನ್ನ ಕಡೆ ತಿರುಗಿದ. "ನೀ ಹೇಳಿದಂಗ ಬಂದ್ ಮಾಡಿ ಬುತ್ತಿ ಡಬ್ಬಿಯಾಗ ಇಟ್ಟಿದ್ದೆ ಮಗಾ. ಒಂದ್ ಹನಿ ತಾಕಿಲ್ಲ ನೋಡು" ಎಂದು ಮೊಬೈಲ್ ತೆಗೆದು ತೋರಿಸಿದ. ಹೆಮ್ಮೆಯಿಂದ ತೋರಿಸಿದ. ಆ ಹೆಮ್ಮೆಯನ್ನು ನಾನು ಇಂದಿಗೂ ಸಹಿಸಲಾರೆ.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಎರಡು ಗಂಟೆ ನಲವತ್ತರಿಂದ ಐದು ಗಂಟೆಯವರೆಗಿನದು ತಲೆಯಲ್ಲಿ ತಿರುಗುತ್ತಿತ್ತು, ಪ್ರತಿ ಸಲ ಬೇರೆ ಬೇರೆಯಾಗಿ. ಒಮ್ಮೆ ಟ್ರ್ಯಾಕ್ಟರ್ ಸರಿಯುವುದೇ ಇಲ್ಲ. ಒಮ್ಮೆ ಅಕ್ಕನ ಮೊಬೈಲೂ ಸ್ವಿಚ್ ಆಫ್. ಒಮ್ಮೆ ಅವ್ವ ಮೈಕಿನಲ್ಲಿ ಮಾತಾಡುತ್ತಲೇ ಇರುತ್ತಾಳೆ, ಕುರಿಗಳು ಬರುತ್ತಲೇ ಇರುತ್ತವೆ, ಅವುಗಳ ಹಿಂದೆ ಕಾಕಾ. ಎದ್ದು ಕೂತು, ಪಡಸಾಲೆಯಲ್ಲಿ ಅವನ ಗೊರಕೆ ಕೇಳಿದ ಮೇಲೆ ಮಲಗುವುದು, ಮತ್ತೆ ಏಳುವುದು.

ಹಗಲು ಹೊಸ ಸಂದೇಶ ಮಾಡಿದೆ. ಈ ಬಾರಿ ಒಂದೇ ಮಾತು, ಆರು ಸೆಕೆಂಡು: ಗುಡುಗಿದ್ರ ಮೊಬೈಲ್ ಬಂದ್ ಮಾಡಬ್ಯಾಡ್ರಿ. ಅದಕ್ಕೆ ಬಂದ ಮೊದಲ ಉತ್ತರ: "ಟೀಚರ್, ಮೊದಲು ಹೇಳಿದ್ದು ಖರೇನೋ, ಈಗ ಹೇಳಿದ್ದು ಖರೇನೋ?" ನಗುವ ಮುಖದ ನಾಲ್ಕು ಚಿತ್ರಗಳೊಂದಿಗೆ. ಮತ್ತೆ ಮನೆಮನೆ ಹತ್ತಿದೆ. ಚಹಾ ಕುಡಿದು ಕುಡಿದು ಹೊಟ್ಟೆ ಉರಿಯಿತು. ಅರ್ಧ ಊರು ಒಪ್ಪಿತು. ಸೋದರಮಾವ ಇನ್ನೂ ಒಪ್ಪಿಲ್ಲ, ಅವನ ಹೆಂಡತಿ ಗುಟ್ಟಾಗಿ ಚಾಲೂ ಇಡುತ್ತಾಳೆ.

ಕಾಕಾನೊಂದಿಗೆ ಮೂರು ವಾರ ಜಗಳವಾಡಿದೆ. ಸಿಡಿಲು ಹೇಗೆ ಹುಟ್ಟುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಕೊನೆಗೆ ಅವನೇ ಒಂದು ಉಪಾಯ ಕಂಡುಕೊಂಡ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಾನಿರುವಲ್ಲಿಂದ ನೂರು ಹೆಜ್ಜೆ ದೂರ ಒಂದು ಗೂಟ ನೆಟ್ಟು ಅದಕ್ಕೆ ನೇತುಹಾಕುವುದು. ಸದ್ದು ಪೂರ್ತಿ ಏರಿಸಿ.

"ಚಾಲೂ ಇರ್ತದ. ಸಿಡಿಲು ಬಿದ್ರ ಅದರ ಮ್ಯಾಲೆ ಬೀಳ್ಲಿ. ನನಗ ಕೇಳ್ತದ, ನಿನಗೂ ಸಮಾಧಾನ."

ಇದರಲ್ಲಿ ವಿಜ್ಞಾನ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಸಾಕಾಗಿತ್ತು.

ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ ಒಂದು ಮಂಗಳವಾರ ಮತ್ತೆ ಎಚ್ಚರಿಕೆ ಕೂಗಿತು. ನಾನು ಸಿಬ್ಬಂದಿ ಕೋಣೆಯಲ್ಲಿದ್ದೆ. ಎರಡು ಸಲ ತಪ್ಪು ನಂಬರ್ ಒತ್ತಿದೆ. ಮೂರನೆಯ ಸಲ ರಿಂಗಾಯಿತು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ, ಅದು ಗೂಟದ ಮೇಲಿತ್ತು. ಇಪ್ಪತ್ತೈದು ನಿಮಿಷ ಆ ಕೋಣೆಯಲ್ಲಿ ನಾನು ಅತ್ತಿಂದಿತ್ತ ನಡೆದೆ. ಆಮೇಲೆ ಅವನೇ ಮಾಡಿದ.

"ಕೇಳ್ತು, ಕೇಳ್ತು. ಎಷ್ಟ್ ಸಲ ಹಚ್ಚತಿ? ನಿನ್ನ ಫೋನಿಗಿ ಕುರಿ ಬೆದರಿ ದಿಕ್ಕಾಪಾಲ ಓಡಿದ್ವು. ಅವನ್ನ ಕೂಡಿಸಿ ಮಡ್ಡಿ ಹತ್ತೂದ್ರಾಗ ಹೈರಾಣ ಆಗೇನಿ."

"ಮಡ್ಡಿ ಹತ್ತಿದ್ಯಾ?"

"ಮತ್ತ ಎಲ್ಲಿ ಹತ್ತಲಿ? ಇಡು ಇನ್ನ."

ಇಟ್ಟೆ. ಆ ಸಂಜೆ ಒಂದು ಹನಿಯೂ ಬೀಳಲಿಲ್ಲ. ಕಾಕಾ ಬೇಗ ಮನೆಗೆ ಬಂದು, ಸುಮ್ಮನೆ ಮಡ್ಡಿ ಹತ್ತಿಸಿದಳೆಂದು ಊಟ ಮುಗಿಯುವವರೆಗೂ ಬೈದ. ನಾನು ತಟ್ಟೆ ಎತ್ತಿಟ್ಟು ಹಾಸಿಗೆಗೆ ಹೋದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು, ಹುಮನಾಬಾದಿನ ಏಳೂವರೆಯ ಬಸ್ಸು ಹೋಗಿಯಾಗಿತ್ತು, ಅವ್ವ ಬಾಗಿಲಲ್ಲಿ ನಿಂತು ಎಷ್ಟು ಸಲ ಎಬ್ಬಿಸಬೇಕೆಂದು ಕೂಗುತ್ತಿದ್ದಳು.